ಬೊನಿಫಾಸಿಯ ಹಸಿವು

ನಮ್ಮ ಲುಗೊಂಬದಲ್ಲಿ ಯಾರಿಗಾದರೂ ಕಷ್ಟ ಬಂದರೆ ಆ ಕಷ್ಟವನ್ನು ಹೇಗೋ ತಡೆದುಕೊಳ್ಳಬಹುದು. ಅದರ ಬೆನ್ನಿಗೇ ಬರುವ ನಮ್ಮ ಸಹಾಯವನ್ನು ತಡೆದುಕೊಳ್ಳಲು ಮಾತ್ರ ಗಟ್ಟಿ ಜೀವ ಬೇಕು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸಂಘದ ಕಾರ್ಯದರ್ಶಿಯಾಗಿ ಹನ್ನೊಂದು ವರ್ಷ ಕಂಡದ್ದನ್ನು ಹೇಳುತ್ತಿದ್ದೇನೆ.

ಸಂಘದ ಹೆಸರು ಮುನ್ನೊ ಮುಕಾಬಿ. ಕಷ್ಟಕಾಲದ ಗೆಳೆಯ ಎಂದರ್ಥ. ಆರು ದೊಡ್ಡ ಹಂಡೆ, ಇನ್ನೂರು ತಟ್ಟೆ, ಎರಡು ಶಾಮಿಯಾನ, ಕಾಲು ಮುರಿದವನ್ನು ಬಿಟ್ಟು ಎಂಬತ್ತು ಪ್ಲಾಸ್ಟಿಕ್ ಕುರ್ಚಿ, ಇವು ನಮ್ಮ ಆಸ್ತಿ. ಇವೆಲ್ಲಕ್ಕಿಂತ ತೂಕದ ಆಸ್ತಿ ನಮ್ಮ ಅಧ್ಯಕ್ಷೆ ನಲೊಂಗೊ. ಅವಳಿ ಹೆತ್ತ ತಾಯಿಯನ್ನು ನಾವು ಹೆಸರು ಹಿಡಿದು ಕರೆಯುವುದಿಲ್ಲ, ನಲೊಂಗೊ ಎನ್ನುತ್ತೇವೆ. ಈಕೆ ಎರಡು ಸಲ ಅವಳಿ ಹೆತ್ತವಳು, ಹಾಗಾಗಿ ನಾವು ಎರಡು ಪಟ್ಟು ಹೆದರುತ್ತೇವೆ. ಬಸ್ಸು ನಿಲ್ಲುವಲ್ಲಿ ಆಕೆಯ ಚಹಾದಂಗಡಿ. ಊರಿನಲ್ಲಿ ಯಾರ ಮನೆ ಒಲೆ ಉರಿಯಿತು, ಯಾರದು ಆರಿತು ಎಂಬುದು ಅಲ್ಲಿ ಹಾಲು ಉಕ್ಕುವುದಕ್ಕೆ ಮೊದಲೇ ತಿಳಿಯುತ್ತದೆ.

ಆದರೂ ಆ ವರ್ಷ ನಮ್ಮೆಲ್ಲರ ಕಣ್ಣು ತಪ್ಪಿಸಿ ಒಂದು ಮನೆಯ ಒಲೆ ಆರಿತ್ತು. ಅದನ್ನು ಕಂಡವನು ಒಬ್ಬನೇ, ಫೋಟೊ ಸ್ಟುಡಿಯೊದ ಬೊನಿಫಾಸಿ ಲುಕ್ವಾಗೊ.

ಬೊನಿಫಾಸಿ ಒಳ್ಳೆಯ ಮನುಷ್ಯ. ಅವನಿಗೆ ಇದ್ದ ದೋಷ ಒಂದೇ. ನಾಲ್ಕು ಜನ ಕೂತದ್ದು ಕಂಡರೆ ಅವನಿಗೆ ಭಾಷಣ ಬರುತ್ತಿತ್ತು, ಉಳಿದವರಿಗೆ ಸೀನು ಬರುವ ಹಾಗೆ. ಅದೂ ನೇರ ಭಾಷಣವಲ್ಲ. 'ಮಳೆ ಬರುತ್ತಿದೆ' ಎನ್ನಬೇಕಾದರೆ 'ಆಕಾಶಕ್ಕೆ ಏನೋ ನೆನಪಾದ ಹಾಗಿದೆ' ಎಂದು ಶುರು ಮಾಡುವವನು. ಅವನು ಮುಗಿಸುವ ಹೊತ್ತಿಗೆ ನಾವು ನೆಂದಿರುತ್ತಿದ್ದೆವು.

ಆ ದಿನಗಳಲ್ಲಿ ಅವನ ಹೆಂಡತಿ ರೆಸ್ತಿತುತ ಮಗಳ ಬಾಣಂತನಕ್ಕೆ ಜಿಂಜಕ್ಕೆ ಹೋಗಿ ಮೂರು ವಾರವಾಗಿತ್ತು. ಹೋಗುವ ಮುಂಚೆಯೇ ಪಕ್ಕದ ಊರಿನ ನರ್ಸು ಬೊನಿಫಾಸಿಯ ರಕ್ತ ನೋಡಿ, ಸಕ್ಕರೆ ಜಾಸ್ತಿಯಾಗಿದೆ, ಊಟ ಅರ್ಧ ಮಾಡು, ದಿನಾ ನಡಿ ಎಂದಿದ್ದಳು. ಇದು ಗಂಡ ಹೆಂಡತಿ ಇಬ್ಬರಿಗೇ ಗೊತ್ತು. ಊರಿಗೆ ತಿಳಿದರೆ ಮನೆಗೊಂದು ಬೇರು, ಮನೆಗೊಂದು ತೊಗಟೆ ತಂದು ಅರೆದು ಕುಡಿಸುತ್ತಾರೆಂದು ಗುಟ್ಟಾಗಿಟ್ಟಿದ್ದರು. ಊರು ಕಂಡದ್ದು ಇಷ್ಟು: ಕೋಟು ಬೂಟು ತೊಟ್ಟ ಬೊನಿಫಾಸಿ ಬಾಡಿಗೆ ಸವಾರಿಯ ಬೋಡಾ ಬೈಕು ಹತ್ತುವುದು ಬಿಟ್ಟು ನಡೆದು ಹೋಗುತ್ತಾನೆ. ನಲೊಂಗೊಳ ಅಂಗಡಿಯಲ್ಲಿ ಸಕ್ಕರೆ ಇಲ್ಲದ ಚಹಾ ಕುಡಿಯುತ್ತಾನೆ. ಸಕ್ಕರೆ ಇಲ್ಲದ ಚಹಾ! ಮತ್ತೆ, ಹೇಳಲೇಬೇಕು, ನಾನು ದರ್ಜಿ. ಎರಡು ತಿಂಗಳಲ್ಲಿ ಮೂರು ಸಲ ಅವನ ಪ್ಯಾಂಟಿನ ಸೊಂಟ ಕಿರಿದು ಮಾಡಿಕೊಟ್ಟವನು ನಾನೇ. ಗಿರಾಕಿಯ ಗುಟ್ಟು ದರ್ಜಿ ಹೊರಗೆ ಬಿಡಬಾರದು. ಹಾಗಾಗಿ ನಾನು ನಾಲ್ಕೈದು ಜನಕ್ಕಷ್ಟೇ ಹೇಳಿದ್ದೆ.

ಅಕ್ಟೋಬರ್ ಮಳೆಯ ನಡುವಿನ ಒಂದು ಭಾನುವಾರ, ಇಗರ್ಜಿಯ ಹಿಂದಿನ ಮಾವಿನ ಮರದಡಿ ಸಂಘದ ಸಭೆ. ನಲೊಂಗೊ, "ಮತ್ತೇನಾದ್ರೂ ಉಂಟಾ?" ಎಂದು ಕೇಳಿ ಎದ್ದು ತನ್ನ ಉದ್ದ ಗೊಮೆಸಿ ಉಡುಪಿನ ಮಣ್ಣು ಕೊಡವಿಕೊಳ್ಳುತ್ತಿದ್ದಾಗ ಬೊನಿಫಾಸಿ ನಿಂತ. ಎಲ್ಲರೂ ನಿಟ್ಟುಸಿರು ಬಿಟ್ಟು ಮತ್ತೆ ಕೂತರು.

"ಬಂಧುಗಳೇ," ಎಂದ, "ನಮ್ಮ ನಡುವೆಯೇ ಒಬ್ಬ ಮನುಷ್ಯ ಇದ್ದಾನೆ."

"ಒಬ್ಬನೇ ಅಲ್ಲ, ಎಪ್ಪತ್ತು ಜನ ಇದೀವಿ, ಹೇಳು," ಎಂದಳು ನಲೊಂಗೊ.

"ಅವನ ಅಡಿಗೆಮನೆಯಿಂದ ಮೂರು ದಿನದಿಂದ ಹೊಗೆ ಎದ್ದಿಲ್ಲ. ಮಳೆ ಬಂದರೆ ಅವನ ಮನೆ ಒಳಗೂ ಬರುತ್ತೆ. ಆದರೆ ಅವನು ಬೀದಿಗೆ ಇಳಿದರೆ ಕೋಟು! ಬೂಟಿಗೆ ಪಾಲಿಶು! ಊಟ ಆಯ್ತಾ ಅಂತ ಕೇಳಿದರೆ ಆಯ್ತು ಅಂತಾನೆ. ನಿನಗೆ ಏನಾದ್ರೂ ಬೇಕಾ ಅಂತ ಕೇಳಿದರೆ ಸಿಡುಕುತ್ತಾನೆ. ನೀನೇನಾ ಆ ಮನುಷ್ಯ ಅಂತ ಕೇಳಿ ನೋಡಿ, ನಾನಲ್ಲ ಅಂತ ದೇವರಾಣೆ ಇಡ್ತಾನೆ. ನಂಬಬೇಡಿ! ಬೇಡ ಅಂದಷ್ಟೂ ಕೊಡಿ!"

ಇಲ್ಲಿ ತನ್ನ ಮಾತಿನ ಸೊಗಸಿಗೆ ಬೊನಿಫಾಸಿ ತಾನೇ ಕರಗಿದ. ಕಣ್ಣಲ್ಲಿ ನೀರು ಬಂತು.

"ಯಾರಪ್ಪಾ ಅದು?" ನಲೊಂಗೊಳ ದನಿ ಮೆತ್ತಗಾಗಿತ್ತು.

"ಹೆಸರು ಕೇಳಬೇಡಿ. ನನಗೆ ತುಂಬಾ ಹತ್ತಿರದವನು."

"ಎಷ್ಟು ಹತ್ತಿರ?"

"ಇದಕ್ಕಿಂತ ಹತ್ತಿರ ಇರೋಕೆ ಆಗಲ್ಲ. ಕೊಡೋದು ಏನಿದ್ರೂ ನನ್ನ ಕೈಗೆ ಕೊಟ್ಟುಬಿಡಿ. ನಾನು ತಲುಪಿಸ್ತೀನಿ."

ಅವನು ಹೇಳಿದ್ದು ತನ್ನ ಬೇಲಿಯಾಚೆಯ ಯೊವಾನಿ ಕಲಿಬ್ಬಾಲ ಮೇಷ್ಟ್ರ ವಿಷಯ. ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು. ಹಿಂದಿನ ವರ್ಷ ಅವರ ಹೆಂಡತಿ ಪೆಲಾಗಿಯ ಐದು ತಿಂಗಳು ಆಸ್ಪತ್ರೆಯಲ್ಲಿದ್ದಳು. ಆಕೆ ಉಳಿದಳು, ಉಳಿದದ್ದೆಲ್ಲ ಹೋಯಿತು: ಹಸು, ಕಾಫಿ ತೋಟ, ಕೊನೆಗೆ ಸೈಕಲ್ಲು. ಪಿಂಚಣಿಯ ಕಾಗದ ಎಲ್ಲೋ ಯಾವುದೋ ಮೇಜಿನ ಮೇಲೆ ಮಲಗಿತ್ತು. ಮೇಷ್ಟ್ರು ಮಧ್ಯಾಹ್ನ ಕೋಟು ತೊಟ್ಟು, ಬಾಯಲ್ಲಿ ಹಲ್ಲುಕಡ್ಡಿ ಇಟ್ಟುಕೊಂಡು ಪೇಟೆಯುದ್ದಕ್ಕೂ ನಡೆಯುತ್ತಿದ್ದರು. ಈಗಷ್ಟೇ ಮಾಂಸದೂಟ ಮುಗಿಸಿ ಬಂದವರ ಹಾಗೆ. ಒಮ್ಮೆ ಸಂಘದಿಂದ ಒಂದು ಚೀಲ ಹುರುಳಿಕಾಯಿ ಬೀಜ ಕಳಿಸಿದ್ದಕ್ಕೆ 'ಯಾರಾದರೂ ಬಡವರಿಗೆ ಕೊಡಿ' ಎಂದು ಚೀಟಿ ಬರೆದು ವಾಪಸು ಮಾಡಿದ್ದರು. ಚೀಲದ ಮೇಲೆ ನಾನು ಬರೆದಿದ್ದ ವಿಳಾಸದ ಕಾಗುಣಿತ ತಪ್ಪನ್ನೂ ಕೆಂಪು ಶಾಯಿಯಲ್ಲಿ ತಿದ್ದಿದ್ದರು. ಆದ್ದರಿಂದಲೇ ಬೊನಿಫಾಸಿ ಹೆಸರು ನುಂಗಿದ್ದು. ಸಂಘದವರು ಕೊಟ್ಟದ್ದನ್ನು 'ನಮ್ಮ ಹಿತ್ತಲಲ್ಲಿ ಹೆಚ್ಚಾಯ್ತು' ಎಂದು ಬೇಲಿಯ ಮೇಲಿಂದ ದಾಟಿಸುವುದು ಅವನ ಉಪಾಯ. ಉಪಾಯ ಚೆನ್ನಾಗಿಯೇ ಇತ್ತು. ಭಾಷಣ ಇಲ್ಲದಿದ್ದರೆ ಕೆಲಸವೂ ಆಗುತ್ತಿತ್ತು.

ಅವನು ಕಣ್ಣೊರೆಸಿಕೊಳ್ಳುತ್ತ ಹೋದಮೇಲೆ ಮರದಡಿ ಯಾರೂ ಏಳಲಿಲ್ಲ. ನಲೊಂಗೊ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ.

"ಸಕ್ಕರೆ ಇಲ್ಲದ ಚಹಾ," ಎಂದಳು.

"ಪ್ಯಾಂಟು, ಮೂರು ಸಲ," ಎಂದೆ.

"ಹೆಂಡ್ತಿ ಜಿಂಜಕ್ಕೆ ಹೋದೋಳು ಬಂದಿಲ್ಲ. ಬಾಣಂತನವಂತೆ! ಯಾವ ಬಾಣಂತನ ಮೂರು ವಾರ? ಬಿಟ್ಟು ಹೋಗಿದ್ದಾಳೆ, ಪಾಪ."

"ಈಗಿನ ಕಾಲದಲ್ಲಿ ಯಾರು ಸ್ಟುಡಿಯೊಗೆ ಹೋಗಿ ಫೋಟೊ ತೆಗೆಸ್ಕೊಳ್ತಾರೆ? ಎಲ್ಲರ ಜೇಬಲ್ಲೂ ಫೋನು," ಎಂದ ಯಾರೋ ಹಿಂದಿನಿಂದ.

ನಲೊಂಗೊ ಎದೆಯ ಮೇಲೆ ಕೈಯಿಟ್ಟಳು. "ತನ್ನ ಹಸಿವನ್ನ ಇನ್ನೊಬ್ಬನ ಹಸಿವು ಅಂತ ಹೇಳ್ಕೊಂಡ್ನಲ್ರೋ! ನನ್ನ ಕೈಗೇ ಕೊಡಿ ಅಂದ್ನಲ್ರೋ! ಇಷ್ಟು ದಿನ ಅವನ ಮಾತು ಉದ್ದ ಅಂತ ಬೈತಿದ್ವಿ. ಹೊಟ್ಟೆ ಖಾಲಿ ಇದ್ದೋರಿಗೆ ಮಾತು ಜಾಸ್ತಿಯಂತೆ, ನಮ್ಮಜ್ಜಿ ಹೇಳ್ತಿದ್ಲು."

ಅಲ್ಲಿಗೆ ತೀರ್ಮಾನವಾಯಿತು.

ಸೋಮವಾರ ಬೆಳಿಗ್ಗೆ ಬೊನಿಫಾಸಿ ಬಾಗಿಲು ತೆಗೆದರೆ ಅಂಗಳದಲ್ಲಿ ನೆಲ ಕಾಣುತ್ತಿರಲಿಲ್ಲ. ಬಾಳೆಕಾಯಿ ಗೊನೆ ಹದಿನೇಳು, ಮರಗೆಣಸಿನ ಗುಡ್ಡೆ, ಹಲಸಿನಹಣ್ಣು, ಸೌದೆ, ಒಂದು ಹಾಸಿಗೆ, ಕಟ್ಟಿದ ಒಂದು ಮೇಕೆ. ಮೇಕೆ ಆಗಲೇ ಹಾಸಿಗೆಯ ಮೂಲೆಯನ್ನು ತಿನ್ನತೊಡಗಿತ್ತು. ಅವನ ಮುಖ ಅರಳಿತು. ಇಡೀ ಊರು ಒಂದು ರಾತ್ರಿಯಲ್ಲಿ ಹೀಗೆ ಎದ್ದು ನಿಂತದ್ದನ್ನು ಕಂಡು ಯಾರ ಮುಖ ತಾನೇ ಅರಳುವುದಿಲ್ಲ?

"ಇಷ್ಟೊಂದು! ನಲೊಂಗೊ, ಆ ಮನುಷ್ಯ ನೋಡಿದರೆ ಎಷ್ಟು ಸಂತೋಷಪಡ್ತಾನೋ!"

"ಪಡ್ತಿದ್ದಾನೆ, ಕಾಣುತ್ತಲ್ಲ," ಎಂದು ನಲೊಂಗೊ ಅವನ ಕೆನ್ನೆ ಸವರಿದಳು. "ಕೂತ್ಕೋ. ಮೊದಲು ಉಣ್ಣು." ಬಾಳೆಲೆಯಲ್ಲಿ ಬೇಯಿಸಿದ ಬಾಳೆಕಾಯಿಯ ಮುದ್ದೆ ಬಂಡೆಯಷ್ಟಿತ್ತು. ಅದರ ಮೇಲೆ ಕಡಲೆಕಾಯಿ ಗೊಜ್ಜು ಹೊಳೆಯಂತೆ ಹರಿಯಿತು.

ಬೊನಿಫಾಸಿಗೆ ಆಗ ಹೊಳೆಯಿತು. "ಅಯ್ಯೋ, ನಾನಲ್ಲ! ಆ ಮನುಷ್ಯ ನಾನಲ್ಲ!"

ನೆರೆದವರೆಲ್ಲ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಒಬ್ಬಾಕೆ ಗೊಮೆಸಿಯ ತುದಿಯಲ್ಲಿ ಮೂಗೊರೆಸಿಕೊಂಡಳು. "ಹೇಳಿದ್ನಲ್ಲ ನಿನ್ನೆ, ನಾನಲ್ಲ ಅಂತಾನೆ ಅಂತ."

"ದೇವರಾಣೆ ನಾನಲ್ಲ!"

"ಆಣೇನೂ ಇಟ್ಟ," ಎಂದೆ ನಾನು. ಕಾರ್ಯದರ್ಶಿಯಾದವನು ಇಂಥವನ್ನು ಗಮನಿಸಬೇಕಾಗುತ್ತದೆ.

"ಕೇಳ್ರಪ್ಪಾ, ನನಗೆ ಊಟಕ್ಕೆ ಏನೂ ಕೊರತೆ ಇಲ್ಲ. ನಾನೇ ಬೇಕಂತ ಕಡಿಮೆ ತಿಂತಿದೀನಿ!"

"ಬೇಕಂತ!" ನಲೊಂಗೊ ಆಕಾಶಕ್ಕೆ ಕೈಯೆತ್ತಿದಳು. "ಬೇಕಂತ ಹಸಿದುಕೊಂಡಿದ್ದಾನಂತೆ! ಕೇಳಿದ್ರಾ? ಇನ್ನೊಂದು ಸೌಟು ಹಾಕ್ರೇ!"

ಬೇಡ ಎಂದಷ್ಟೂ ಕೊಡಿ ಎಂದವನು ತಾನೇ. ನಾಲ್ಕು ಜನರ ಊಟ ಒಬ್ಬನೇ ಉಂಡು ಬೊನಿಫಾಸಿ ಗೋಡೆಗೆ ಒರಗಿದ. ಅವನ ಕಣ್ಣಲ್ಲಿ ಬಂದ ನೀರನ್ನು ಊರು ಕೃತಜ್ಞತೆ ಎಂದುಕೊಂಡಿತು.

ಮಂಗಳವಾರ ಸುದ್ದಿ ಕವುಮನ ಬಾಯಿಗೆ ಸಿಕ್ಕಿತು. ಪೇಟೆಯ ನಡುವಿನ ಕಂಬಕ್ಕೆ ಕಟ್ಟಿದ ನಾಲ್ಕು ಧ್ವನಿವರ್ಧಕಗಳ ಒಡೆಯ ಕವುಮ. ಸಾವು, ಕಳೆದುಹೋದ ಹಂದಿ, ಲಸಿಕೆ ಹಾಕುವ ದಿನ ಎಲ್ಲವನ್ನೂ ಅವನು ಒಂದೇ ಅಳುದನಿಯಲ್ಲಿ ಸಾರುತ್ತಾನೆ.

"ಲುಗೊಂಬದ ಮಹಾಜನಗಳೇ! ನಮ್ಮ ಬೊನಿಫಾಸಿ ಲುಕ್ವಾಗೊ, ಕ್ಯಾಮೆರಾದ ಬೊನಿಫಾಸಿ, ಹಸಿದಿದ್ದಾನೆ! ಹೆಂಡತಿ ಇಲ್ಲ, ಮಾಡು ಸೋರುತ್ತೆ, ಆದರೂ ಬೂಟು ನೋಡಿ, ಬೂಟು! ಹೋಗಿ, ಒಂದು ಫೋಟೊ ತೆಗೆಸಿಕೊಳ್ಳಿ! ಅವನಿಗೆ ಗೊತ್ತಾಗದ ಹಾಗೆ ಸಹಾಯ ಮಾಡಿ!"

ನಾಲ್ಕು ಧ್ವನಿವರ್ಧಕದಲ್ಲಿ, ಗೊತ್ತಾಗದ ಹಾಗೆ.

ಹತ್ತು ಗಂಟೆಗೆ ಸ್ಟುಡಿಯೊ ಮುಂದಿನ ಸಾಲು ಸಂತೆಯ ಗೇಟು ಮುಟ್ಟಿತು. ಬೋಡಾ ಹುಡುಗರು, ಮೀನಿನ ಹೆಂಗಸರು, ಕಣ್ಣು ಕಾಣದ ಒಬ್ಬ ಅಜ್ಜ, ಎಲ್ಲರಿಗೂ ಒಮ್ಮೆಗೇ ಪಾಸ್‌ಪೋರ್ಟ್ ಅಳತೆಯ ಫೋಟೊ ಬೇಕಾಯಿತು. ಅಜ್ಜನಿಗೆ, "ನಿಮಗೆ ಯಾತಕ್ಕೆ ಫೋಟೊ?" ಎಂದು ಕೇಳಿದರೆ, "ನಾನು ವಿದೇಶಕ್ಕೆ ಹೊರಟಿದೀನಿ, ನಿನಗೇನು? ತೆಗಿ!" ಎಂದು ಗದರಿದ. ಬೊನಿಫಾಸಿ ಸಂಜೆಯವರೆಗೂ ನಿಂತೇ ಇದ್ದ. ಪಾಪ, ಆ ದಿನ ಅವನು ನಿಜವಾಗಿಯೂ ಏನೂ ತಿಂದಿರಲಿಲ್ಲ.

ಅಂಗಡಿ ಮುಚ್ಚಿದ್ದೇ ತಡ, ಒಂದು ಗೊನೆಯನ್ನು ಹೆಗಲಿಗೇರಿಸಿಕೊಂಡು ಬೇಲಿ ದಾಟಿ ಮೇಷ್ಟ್ರ ಅಂಗಳಕ್ಕೆ ಹೋದ. ಮೇಷ್ಟ್ರು ಹಳೆಯ ಪತ್ರಿಕೆಯೊಂದನ್ನು ಓದುತ್ತ ಕುಳಿತಿದ್ದರು.

"ಮೇಷ್ಟ್ರೆ, ನಮ್ಮನೇಲಿ ಹೆಚ್ಚಾಯ್ತು, ಕೊಳೆತು ಹೋಗುತ್ತೆ..."

ಮೇಷ್ಟ್ರು ಕನ್ನಡಕ ಇಳಿಸಿದರು. "ಬೊನಿಫಾಸಿ, ನನ್ನ ಕಿವಿ ಚೆನ್ನಾಗಿದೆ. ಇಡೀ ದಿನ ಆ ಕಂಬ ನಿನ್ನ ಹೊಟ್ಟೆಯ ವಿಷಯವನ್ನೇ ಕೂಗಿದೆ. ಉಪವಾಸ ಇರೋನ ಬಾಯಿಂದ ಕಿತ್ತು ತಿನ್ನೋ ಮನುಷ್ಯ ಅಂದ್ಕೊಂಡ್ಯಾ ನನ್ನನ್ನ? ತಗೊಂಡು ಹೋಗು!"

"ಮೇಷ್ಟ್ರೆ, ಅದು ನಾನಲ್ಲ..."

"ಹೋಗು ಅಂದೆ!"

ಒಳಗಿಂದ ಪೆಲಾಗಿಯ ಕೆಮ್ಮುವುದು ಕೇಳಿಸಿತು. ಬೊನಿಫಾಸಿ ಗೊನೆ ಹೊತ್ತು ಹಿಂದಕ್ಕೆ ಬಂದ. ಅಂಗಳದ ಹದಿನೇಳು ಗೊನೆಯ ನಡುವೆ ನಿಂತು, ಬೇಲಿಯಾಚೆಯ ಅಡಿಗೆಮನೆ ನೋಡಿದ. ಹೊಗೆ ಇರಲಿಲ್ಲ. ಮೊದಲು ಆ ಮನೆಗೆ ಏನೂ ತಲುಪುತ್ತಿರಲಿಲ್ಲ. ಈಗ ಅವನ ಭಾಷಣದ ದೆಸೆಯಿಂದ ತಲುಪುವ ದಾರಿಯೂ ಮುಚ್ಚಿತ್ತು.

ಬುಧವಾರ ಮಾಡಿನ ಸರದಿ. 'ಮಳೆ ಬಂದರೆ ಮನೆ ಒಳಗೂ ಬರುತ್ತೆ' ಎಂದಿದ್ದನಲ್ಲ. ವಾರ್ಡಿನ ಅಧ್ಯಕ್ಷ ಹಾಜಿ ಲುಬೇಗರು ಮೂವತ್ತು ಹೊಸ ತಗಡು ಕೂಡಿಸಿ, ಎರಡು ಏಣಿ, ಹನ್ನೆರಡು ಜನ ಕರೆದುಕೊಂಡು ಬಂದರು. ಬೊನಿಫಾಸಿ ಸ್ಟುಡಿಯೊದಲ್ಲಿ ಮೀನಿನ ಹೆಂಗಸರ ಗುಂಪು ಫೋಟೊ ತೆಗೆಯುತ್ತಿದ್ದ. ಯಾರೋ ಓಡಿ ಬಂದು ಹೇಳಿ, ಅವನು ಓಡಿ ಬರುವ ಹೊತ್ತಿಗೆ ಅವನ ಮನೆಗೆ ಆಕಾಶವೇ ಮಾಡಾಗಿತ್ತು. ನಾನು ಒಂದು ಏಣಿಯ ಮೇಲಿದ್ದೆ.

"ಇಳೀರೋ! ನನ್ನ ಮಾಡು ಸೋರ್ತಾ ಇರಲಿಲ್ಲ!"

"ಅದೇ ನಮಗೂ ಆಶ್ಚರ್ಯ," ಎಂದರು ಹಾಜಿ. "ಎಲ್ಲಾ ತಗಡು ಬಿಚ್ಚಿ ನೋಡಿದ್ವಿ, ಎಲ್ಲೂ ತೂತು ಸಿಗಲಿಲ್ಲ. ಒಳ್ಳೇ ಗಟ್ಟಿ ತಗಡು. ಬಿಚ್ಚೋವಾಗಲೇ ಸ್ವಲ್ಪ ಹರಿದಿದ್ದು."

ಬೊನಿಫಾಸಿ ತಲೆ ಹಿಡಿದುಕೊಂಡು ಹಲಸಿನಹಣ್ಣಿನ ಮೇಲೆ ಕೂತ. ಹಲಸಿನಹಣ್ಣಿನ ಮೇಲೆ ಕೂರುವುದೆಂದರೆ ದುಃಖ ಎಷ್ಟಿರಬೇಕು ನೀವೇ ಯೋಚಿಸಿ.

ಆ ಹೊತ್ತಿಗೇ ಬೇಲಿಯ ಕಡೆಯಿಂದ ಮೇಷ್ಟ್ರು ಬಂದರು. ಕೋಟು, ಪಾಲಿಶ್ ಮಾಡಿದ ಬೂಟು, ಬಾಯಲ್ಲಿ ಹಲ್ಲುಕಡ್ಡಿ. ಕಂಕುಳಲ್ಲಿ ಒಂದು ಕೆಂಪು ಕೋಳಿ. ಜನ ದಾರಿ ಬಿಟ್ಟರು. ಅವರು ನೇರ ಬೊನಿಫಾಸಿಯ ಮುಂದೆ ನಿಂತರು.

"ಎದ್ದು ನಿಲ್ಲು."

ಐವತ್ತೆಂಟು ವರ್ಷದ ಬೊನಿಫಾಸಿ ಎದ್ದು ನಿಂತ.

"ನಿನ್ನೆ ನಿನಗೆ ಗದರಿದೆ. ಅದು ತಪ್ಪು. ಪೆಲಾಗಿಯ ರಾತ್ರಿಯೆಲ್ಲ ಮಾತಾಡಿಲ್ಲ ನನ್ನ ಜೊತೆ. ಇದು ದಿನಾ ಮೊಟ್ಟೆ ಇಡುತ್ತೆ. ತಗೋ."

"ಮೇಷ್ಟ್ರೆ, ಬೇಡ..."

"ಬಿಂಕ ಬೇಡ! ಹಸಿವು ನಾಚಿಕೆಪಡೋ ವಿಷಯ ಅಲ್ಲ. ನೆರೆಯವರು ಪ್ರೀತಿಯಿಂದ ಕೊಟ್ಟಾಗ ಒಲ್ಲೆ ಅನ್ನೋದು ಸೊಕ್ಕು. ಏನು?"

"ಸೊಕ್ಕು, ಮೇಷ್ಟ್ರೆ."

"ಜೋರಾಗಿ ಹೇಳು."

"ಸೊಕ್ಕು!"

ಅವರ ಮನೆಯಲ್ಲಿ ಉಳಿದಿದ್ದ ಜೀವಂತ ಆಸ್ತಿ ಆ ಕೋಳಿ ಒಂದೇ ಎಂದು ಅಂಗಳದಲ್ಲಿ ಬೊನಿಫಾಸಿಗೊಬ್ಬನಿಗೇ ಗೊತ್ತಿತ್ತು. ಅವನು ಕೈ ಚಾಚಲಾರ, ಹಿಂದೆಗೆಯಲಾರ. ಬಾಯಿ ತೆರೆದ. ಜೀವನದಲ್ಲಿ ಮೊದಲ ಬಾರಿಗೆ ಅದರಿಂದ ಏನೂ ಹೊರಡಲಿಲ್ಲ.

ಇಷ್ಟರಲ್ಲಿ ರಸ್ತೆಯಲ್ಲಿ ಒಂದು ಬೋಡಾ ಬೈಕು ಧೂಳೆಬ್ಬಿಸಿ ನಿಂತಿತು. ಅದರ ಹಿಂದಿನಿಂದ ಇಳಿದವಳು ರೆಸ್ತಿತುತ.

ಜಿಂಜದಿಂದ ಬರುವ ದಾರಿಯಲ್ಲಿ ಬಸ್ಸಿನಲ್ಲೇ ಅವಳಿಗೆ ಸುದ್ದಿ ಮುಟ್ಟಿತ್ತು. ಪಕ್ಕದಲ್ಲಿ ಕೂತ ಅಪರಿಚಿತೆಯೊಬ್ಬಳು, 'ಲುಗೊಂಬದಲ್ಲಿ ಒಬ್ಬಳು ಗಂಡನ್ನ ಉಪವಾಸ ಹಾಕಿ ಓಡಿಹೋಗಿದ್ದಾಳಂತೆ, ಅಂಥೋಳನ್ನ ಕಟ್ಟಿ ಹಾಕಿ ಹೊಡೀಬೇಕು' ಎಂದು ಅವಳ ಕೈಗೇ ಹುರಿದ ಜೋಳದ ತೆನೆ ಕೊಟ್ಟು ಹೇಳಿದ್ದಳು.

"ಯಾರ್ರೀ ಅದು ನಾನು ಓಡಿಹೋದೆ ಅಂದೋರು?" ರೆಸ್ತಿತುತಳ ಚೀಲ ನೆಲಕ್ಕೆ ಬಿತ್ತು. "ನನ್ನ ಮಗಳು ಗಂಡುಮಗು ಹೆತ್ತಿದ್ದಾಳೆ! ಮನೆ ಮಾಡು ಎಲ್ಲಿ? ಈ ಮೇಕೆ ಯಾರದು? ನನ್ನ ಗಂಡಂಗೆ ಹಸಿವಂತೆ, ಹಸಿವು! ಅವರಿಗೆ ಇರೋದು ಸಕ್ಕರೆ ಕಾಯಿಲೆ! ಪಥ್ಯ ಮಾಡ್ತಿದ್ದಾರೆ! ನರ್ಸು ಹೇಳಿದ್ದು!"

ಏಣಿಯ ಮೇಲೆ ನಾನು ಲೆಕ್ಕ ಹಾಕಿದೆ. ಪ್ಯಾಂಟು ಮೂರು ಸಲ. ಸಕ್ಕರೆ ಇಲ್ಲದ ಚಹಾ. ನಲೊಂಗೊಳ ಬಾಯಿ ಹಂಡೆಯಷ್ಟು ತೆರೆಯಿತು. ಎಲ್ಲ ಕಣ್ಣೂ ಬೊನಿಫಾಸಿಯ ಕಡೆ ತಿರುಗಿದವು.

"ಹಂಗಾದ್ರೆ," ಎಂದರು ಹಾಜಿ ನಿಧಾನವಾಗಿ, "ಹಂಗಾದ್ರೆ ಆ ಮನುಷ್ಯ ಯಾರು? ಕೋಟು ಹಾಕ್ಕೊಂಡು, ಬೂಟು ಪಾಲಿಶ್ ಮಾಡಿ..."

ಮಾತು ಅರ್ಧಕ್ಕೆ ನಿಂತಿತು. ಹಾಜಿ ಯಾರನ್ನೂ ನೋಡಲಿಲ್ಲ. ಆದರೆ ಅಂಗಳದಲ್ಲಿ ಕೋಟು ಇದ್ದದ್ದು ಇಬ್ಬರಿಗೇ, ಬೊನಿಫಾಸಿಗೆ ಮತ್ತು ಮೇಷ್ಟ್ರಿಗೆ. ಒಂದೊಂದೇ ತಲೆ ತಿರುಗತೊಡಗಿತು. ಮೇಷ್ಟ್ರ ಬಾಯಲ್ಲಿದ್ದ ಹಲ್ಲುಕಡ್ಡಿ ಅಲುಗಾಟ ನಿಲ್ಲಿಸಿತು. ಕೋಳಿಯನ್ನು ಹಿಡಿದ ಅವರ ಕೈ ಬಿಗಿಯಾಯಿತು.

"ನಾನೇ!" ಎಂದು ಬೊನಿಫಾಸಿ ಕಿರುಚಿದ.

ಎಲ್ಲರೂ ಬೆಚ್ಚಿ ಇತ್ತ ತಿರುಗಿದರು.

"ನಾನೇ ಆ ಮನುಷ್ಯ! ಸಕ್ಕರೆ ಕಾಯಿಲೆ ಅಂತ ಇವಳಿಗೆ ಸುಳ್ಳು ಹೇಳಿದ್ದೆ. ಗತಿ ಇರಲಿಲ್ಲ, ಅದಕ್ಕೇ ತಿಂತಿರಲಿಲ್ಲ!"

"ರೀ!" ರೆಸ್ತಿತುತಳ ಕಣ್ಣು ಕೆಂಡವಾಯಿತು. "ನರ್ಸು ಹೇಳೋವಾಗ ನಾನೇ ಪಕ್ಕದಲ್ಲಿ..."

ಅಲ್ಲಿಗೆ ಅವಳ ಮಾತು ತಡೆಯಿತು. ಗಂಡನ ನೋಟ ಎಲ್ಲಿ ನೆಟ್ಟಿತ್ತೋ ಅಲ್ಲಿಗೆ ಅವಳ ನೋಟವೂ ಹೋಯಿತು. ಆ ಕೆಂಪು ಕೋಳಿ ಅವಳಿಗೆ ಗೊತ್ತು. ಮೂವತ್ತು ವರ್ಷ ಬೇಲಿ ಹಂಚಿಕೊಂಡವಳು. ಪೆಲಾಗಿಯ ಅದನ್ನು ಮರಿಯಿಂದ ಮಡಿಲಲ್ಲಿಟ್ಟು ಸಾಕಿದ್ದು ಗೊತ್ತು. ಮೇಷ್ಟ್ರ ಮಣಿಕಟ್ಟು ಕೋಟಿನ ತೋಳಿನೊಳಗೆ ಸೌದೆ ಕಡ್ಡಿಯ ಹಾಗೆ ತೂಗುವುದೂ ಈಗ ಕಂಡಿತು.

ಆಮೇಲೆ ದಬ್ಬೆಂದು ಕೂತು ಎದೆ ಬಡಿದುಕೊಂಡಳು. "ಅಯ್ಯೋ! ನನ್ನ ಗಂಡ ಉಪವಾಸ ಇದ್ದರಲ್ಲಪ್ಪಾ! ಅಲ್ಲಿ ಜಿಂಜದಲ್ಲಿ ಕುಂತು ಮೀನು ತಿಂದ್ನಲ್ಲಪ್ಪಾ ನಾನು ಪಾಪಿ!"

ಅಂಥ ಅಳುವನ್ನು ನಾನು ದೊಡ್ಡ ದೊಡ್ಡ ಸಾವಿನಲ್ಲೂ ಕೇಳಿಲ್ಲ. ಹೆಂಗಸರೆಲ್ಲ ಸುತ್ತುವರಿದರು. ಮೇಕೆಯೂ ಅರಚಿತು. ಇದಕ್ಕೆಲ್ಲ ತಾಳ ಹಾಕುವಂತೆ ಬೆಟ್ಟದ ಕಡೆ ಗುಡುಗಿತು. ತಲೆಯೆತ್ತಿದರೆ ಮೋಡ ಕಪ್ಪಾಗಿ ಬಂದಿತ್ತು. ಬೊನಿಫಾಸಿಯ ಮನೆಗೆ ಮುಚ್ಚಳವಿರಲಿಲ್ಲ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಅಳೋದು ಸಾಕು. ಮಾಡು ಆಗೋವರೆಗೂ ಇಬ್ಬರೂ ನಮ್ಮನೇಲಿ ಇರಿ. ನೆರೆಮನೆ ಇರೋದು ಮತ್ತೆ ಯಾತಕ್ಕೆ? ಸಾಮಾನು ಎತ್ತಿ."

ಆಹಾ, ಆಗ ನೋಡಬೇಕಿತ್ತು! ಹನಿ ಬೀಳುವುದರೊಳಗೆ ಸಾಗಿಸಬೇಕೆಂದು ಇಡೀ ಸಂಘ ಇರುವೆ ಸಾಲಾಯಿತು. ಗೊನೆಗಳು ಬೇಲಿ ಹಾರಿದವು. ಹಾಸಿಗೆ ತಲೆಯ ಮೇಲೆ ಓಡಿತು. ಹಾಜಿ ಹಲಸಿನಹಣ್ಣನ್ನು ಮಗುವಿನ ಹಾಗೆ ಅಪ್ಪಿಕೊಂಡು ಹೋದರು. ಕವುಮ ಎಲ್ಲಿಂದಲೋ ಬಂದು, ಧ್ವನಿವರ್ಧಕ ಇಲ್ಲದಿದ್ದರೂ, "ದಾರಿ ಬಿಡಿ! ದಾರಿ ಬಿಡಿ!" ಎಂದು ಎಲ್ಲರ ದಾರಿಗೂ ಅಡ್ಡ ನಿಂತು ಕೂಗಿದ. ಮೇಷ್ಟ್ರು ತಮ್ಮ ಬಾಗಿಲಲ್ಲಿ ನಿಂತು, "ಅದು ಇಲ್ಲಿ. ಇದು ಅಲ್ಲಿ. ಮರಗೆಣಸು ಸಾಲಾಗಿ ಜೋಡಿಸಿ, ಸಾಲಾಗಿ!" ಎಂದು ಅಪ್ಪಣೆ ಕೊಡುತ್ತಿದ್ದರು. ಒಂದು ವರ್ಷದಲ್ಲಿ ಅವರ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ಯಾರೂ ಕೇಳಿರಲಿಲ್ಲ.

ನಲೊಂಗೊ ಸೌದೆಯ ಹೊರೆ ಹೊತ್ತು ಹಿತ್ತಲ ಅಡಿಗೆಮನೆಗೆ ಹೋದಳು. ನಾನು ಹಿಂದೆ ಹಂಡೆ ಹೊತ್ತಿದ್ದೆ. ಅವಳು ಒಲೆಯ ಮುಂದೆ ನಿಂತುಬಿಟ್ಟಳು. ಒಲೆಯ ಬೂದಿಯಲ್ಲಿ ಕೋಳಿ ಹೊರಳಾಡಿ ಮೈಯಳತೆಯ ಗುಂಡಿ ಮಾಡಿಕೊಂಡಿತ್ತು. ಬಿಸಿ ಒಲೆಯಲ್ಲಿ ಕೋಳಿ ಹೊರಳುವುದಿಲ್ಲ. ಮೂಲೆಯಲ್ಲಿ ಮಡಕೆಗಳನ್ನು ತೊಳೆದು ಬೋರಲು ಹಾಕಿತ್ತು. ಅವುಗಳ ಮೇಲೆ ಜೇಡ ಬಲೆ ನೇಯ್ದಿತ್ತು.

ನಲೊಂಗೊ ನನ್ನ ಕಡೆ ತಿರುಗಿದಳು.

"ನೀನೇನು ನೋಡ್ದೆ?"

"ಏನೂ ಇಲ್ಲ," ಎಂದೆ.

"ಒಳ್ಳೇದು. ಪ್ಯಾಂಟಿನ ವಿಷಯ ಹೇಳ್ದಂಗೆ ಇದನ್ನ ಎಲ್ಲಾದ್ರೂ ಹೇಳಿದ್ರೆ ನಿನ್ನ ಕತ್ತರಿಯಿಂದಲೇ ನಿನ್ನ ನಾಲಿಗೆ ಕತ್ತರಿಸ್ತೀನಿ."

ಅಷ್ಟರಲ್ಲಿ ಮಳೆ ಸುರಿಯಿತು. ಮೇಷ್ಟ್ರ ಮನೆಯೊಳಗೂ ಸುರಿಯಿತು. ಪೆಲಾಗಿಯಳ ಮಂಚದ ಸುತ್ತ ನಾಲ್ಕು ಬೋಗುಣಿ, ಎರಡು ತಟ್ಟೆ. ಬೊನಿಫಾಸಿಯ ಹೊಸ ಹಾಸಿಗೆಯ ನಡುವೆ ನೇರ ಒಂದು ಧಾರೆ. ಮೇಷ್ಟ್ರ ಮುಖ ಸಣ್ಣದಾಯಿತು. ನಲೊಂಗೊ ಹಿತ್ತಲಿಂದ ಸೊಂಟಕ್ಕೆ ಕೈಯಿಟ್ಟು ಬಂದಳು.

"ಹಾಜಿಯವರೇ! ನಾವು ಸಹಾಯ ಮಾಡ್ತಿರೋ ಮನುಷ್ಯ ಮಲಗೋದು ಈಗ ಇಲ್ಲಿ. ನಮ್ಮ ಬೊನಿಫಾಸಿ ಮೇಲೆ ನೀರು ಬೀಳ್ತಿದೆ. ನೋಡ್ಕೊಂಡು ಸುಮ್ಮನೆ ಇರ್ತೀರಾ?"

"ಇರಬಾರದು," ಎಂದರು ಹಾಜಿ. ಅವರಿಗೂ ಯಾವಾಗಲೋ ಅರ್ಥವಾಗಿತ್ತು. "ಬೊನಿಫಾಸಿ ಎಲ್ಲಿದ್ದಾನೋ ತಗಡು ಅಲ್ಲಿಗೆ. ಹತ್ರೋ ಮೇಲೆ!"

ಹತ್ತಿದೆವು. ಮಳೆಯಲ್ಲೇ ಹತ್ತಿದೆವು. ಮೊಳೆ ಬಾಯಲ್ಲಿಟ್ಟುಕೊಂಡು, ಜಾರಿ, ಹಿಡಿದು, ಬೈದು, ನಕ್ಕು, ಕತ್ತಲಾಗುವುದರೊಳಗೆ ಮೂವತ್ತು ತಗಡನ್ನೂ ಮೇಷ್ಟ್ರ ಮನೆಗೆ ಹೊಡೆದೆವು. ಕೆಳಗೆ ಅಡಿಗೆಮನೆಯಿಂದ ಹೊಗೆ ಎದ್ದಿತು. ಮಳೆಯಲ್ಲೂ ಎದ್ದಿತು, ಹಸಿ ಸೌದೆಯ ದಟ್ಟ ಹೊಗೆ. ಮೇಲಿದ್ದ ನಾವೆಲ್ಲ ಕೆಮ್ಮಿದೆವು, ಆದರೆ ಯಾರೂ ದೂರಲಿಲ್ಲ. ಆ ರಾತ್ರಿ ಎರಡು ಮನೆಯವರು ಒಂದೇ ಚಾಪೆಯಲ್ಲಿ ಉಂಡರು. ಬೊನಿಫಾಸಿ ಅರ್ಧವೇ ಉಂಡ. "ಸೊಕ್ಕು!" ಎಂದು ಮೇಷ್ಟ್ರು ಇನ್ನೊಂದು ಮುದ್ದೆ ಹಾಕಿಸಿದರು.

ಹೀಗೆ ಮೂರು ವಾರ ನಡೆಯಿತು. ಬೊನಿಫಾಸಿಯ ಮನೆಯ ಮಾಡಿನ ಕೆಲಸ ದಿನಕ್ಕೊಂದು ತಗಡಿನ ಹಾಗೆ, ತುಂಬಾ ನಿಧಾನವಾಗಿ, ಯಾರಿಗೂ ಅವಸರವಿಲ್ಲದೆ ಸಾಗಿತು. ಊರಿಗೆಲ್ಲ ಗೊತ್ತಿತ್ತು, ಊರಲ್ಲಿ ಯಾರೂ ಹೇಳಲಿಲ್ಲ. ಕವುಮನೂ ಹೇಳಲಿಲ್ಲ; ಅದು ಲುಗೊಂಬದ ಇತಿಹಾಸದಲ್ಲೇ ಮೊದಲು. ದಿನಾ ಯಾರಾದರೂ ಒಬ್ಬರು ಬೀನ್ಸು, ಹಾಲು, ಪೆಲಾಗಿಯಳ ಕೆಮ್ಮಿಗೆ ಜೇನು ತಂದು, "ಇದು ನಮ್ಮ ಬೊನಿಫಾಸಿಗೆ, ಮೇಷ್ಟ್ರೆ," ಎಂದು ಕೊಟ್ಟು ಹೋಗುತ್ತಿದ್ದರು. ಮೇಷ್ಟ್ರು, "ಪಾಪ, ತಲುಪಿಸ್ತೀನಿ," ಎನ್ನುತ್ತಿದ್ದರು.

ಮುಂದಿನ ಸಭೆಗೆ, ಸಂಘ ಹುಟ್ಟಿದಾಗಿನಿಂದ ಒಮ್ಮೆಯೂ ಬಾರದ ಮೇಷ್ಟ್ರು ಬಂದರು. ಪೆಲಾಗಿಯಳೂ ಕೋಲೂರಿಕೊಂಡು ಜೊತೆಯಲ್ಲಿ ಬಂದಳು. ನಲೊಂಗೊ, "ಮತ್ತೇನಾದ್ರೂ ಉಂಟಾ?" ಎಂದಾಗ ಮೇಷ್ಟ್ರು ಎದ್ದರು. ಮರದಡಿ ಕೂತವರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡರು, ತರಗತಿಯ ಅಭ್ಯಾಸ.

"ನಮ್ಮ ಊರಲ್ಲಿ ಒಬ್ಬ ಮನುಷ್ಯನಿಗೆ ಸಹಾಯ ಬೇಕಾಗಿದೆ," ಎಂದರು. "ಸುತ್ತಿ ಬಳಸಿ ಮಾತಾಡೋದು ನನಗೆ ಬರೋದಿಲ್ಲ. ಅವನ ಹೆಸರು ಯೊವಾನಿ ಕಲಿಬ್ಬಾಲ."

ಪೆಲಾಗಿಯ ಗಂಡನ ಕೋಟಿನ ತುದಿ ಹಿಡಿದುಕೊಂಡಳು.

"ಪಿಂಚಣಿ ಬರೋವರೆಗೂ ಕಾಳು, ಸೌದೆ ಬೇಕು. ಇವಳ ಔಷಧಿ ತರೋಕೆ ತಿಂಗಳಿಗೊಮ್ಮೆ ಯಾರಾದ್ರೂ ಆಸ್ಪತ್ರೆಗೆ ಹೋಗಿಬರಬೇಕು. ಬದಲಿಗೆ ಸಂಘದ ಕಾಗದಪತ್ರ ನಾನು ತಿದ್ದಿಕೊಡ್ತೀನಿ. ನಿಮ್ಮ ಕಾರ್ಯದರ್ಶಿಯ ಕಾಗುಣಿತ ದೇವರಿಗೇ ಪ್ರೀತಿ."

ನಾನು ತಲೆ ತಗ್ಗಿಸಿದೆ. ನಲೊಂಗೊ ಆಗಲಿ ಎಂದು ತಲೆಯಾಡಿಸಿದಳು. ಹಾಜಿ, "ಔಷಧಿ ನಾನು ತರ್ತೀನಿ," ಎಂದರು. ಬೋಡಾ ಹುಡುಗರು, "ಇಲ್ಲ, ನಾವು!" ಎಂದರು. ಮೀನಿನ ಹೆಂಗಸರು, ಸೌದೆಯವರು, ಕಣ್ಣು ಕಾಣದ ಅಜ್ಜ ಎಲ್ಲರೂ ಒಟ್ಟಿಗೇ ಎದ್ದು ಕೂಗತೊಡಗಿದರು.

"ಕೂತ್ಕೊಳ್ಳಿ! ನನ್ನ ಮಾತು ಮುಗಿದಿಲ್ಲ!" ಎಂದರು ಮೇಷ್ಟ್ರು. ಎಲ್ಲರೂ ಕೂತರು. "ಇನ್ನೊಂದು ಸಹಾಯ, ಇದು ಎಲ್ಲಕ್ಕಿಂತ ತುರ್ತು. ಇವತ್ತು ಸಂಜೆಯೊಳಗೆ ಬೊನಿಫಾಸಿಯ ಮಾಡು ಮುಗಿಸಿ ಅವನನ್ನ ಅವನ ಮನೆಗೆ ಕಳಿಸಿಬಿಡಿ. ಹಸಿವನ್ನ ಒಂದು ವರ್ಷ ತಡೆದೆ.  ಅವನ ಗೊರಕೆ ಇನ್ನೊಂದು ದಿನ ತಡೆಯಲಾರೆ."

ಬೊನಿಫಾಸಿ ಜಿಗಿದೆದ್ದ. "ಬಂಧುಗಳೇ! ನಾನು ಗೊರಕೆ ಹೊಡೆಯೋ ಮನುಷ್ಯನೇ ಅಲ್ಲ!"

ಊರೆಲ್ಲ ರೆಸ್ತಿತುತಳ ಕಡೆ ನೋಡಿತು.

"ಹೊಡೀತಾರೆ," ಎಂದಳು ಅವಳು.